ಹಡಗು ಹದಿನೇಳರ ಹನ್ನೊಂದನೇ ಕಂತು

ಆ ಬೀದಿಯಲ್ಲಿ ಟೀವಿಯವರ ಮನೆ ಯಾವುದು ಅಂತ ಯಾರನ್ನು ಕೇಳಿದರೂ ಮೂರನೇ ಮಹಡಿಯ ಎಡಗಡೆ ಬಾಗಿಲನ್ನು ತೋರಿಸುತ್ತಿದ್ದರು. ಟೀವಿಯವರು ಟೀವಿಯಲ್ಲಿ ಒಂದು ದಿನವೂ ಕಾಣಿಸಿಕೊಂಡವರಲ್ಲ. ಟೀವಿ ಕೇಂದ್ರದ ನೆಲಮಾಳಿಗೆಯಲ್ಲಿ ಟೇಪು ಉಗ್ರಾಣದ ಗುಮಾಸ್ತರಾಗಿ ಮೂವತ್ತೊಂದು ವರ್ಷ ಟ್ಯೂಬ್‌ಲೈಟಿನ ಕೆಳಗೆ ಕೂತು ನಿವೃತ್ತರಾದವರು. ನೆಲಮಾಳಿಗೆಯ ವಿಷಯವನ್ನು ಬೀದಿಯವರು ಕೇಳಲಿಲ್ಲ, ಇವರಾಗಿ ಹೇಳಲಿಲ್ಲ. ವಾರ್ತೆ ಓದುವ ಹೆಂಗಸಿನ ಗಂಟಲು ಕಟ್ಟಿದಂತೆ ಕಂಡರೆ ಔಷಧಿ ಅಂಗಡಿಯವರು ಇವರನ್ನೇ ನಿಲ್ಲಿಸಿ ವಿಚಾರಿಸುತ್ತಿದ್ದರು. ಇವರು ಸ್ವಲ್ಪ ಹೊತ್ತು ಆಕಾಶ ನೋಡಿ, "ಈಗ ಪರವಾಗಿಲ್ಲ" ಅನ್ನುತ್ತಿದ್ದರು. ಇದರಿಂದ ಯಾರಿಗೂ ನಷ್ಟವಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಇವರು ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ಗೋಡೆಯ ಟೀವಿಯಲ್ಲಿ ಒಂದು ಪ್ರಕಟಣೆ ಬಂತು. ನಲವತ್ತು ವರ್ಷಗಳ ಹಿಂದೆ ಭಾನುವಾರ ಸಂಜೆ ಬರುತ್ತಿದ್ದ 'ಹಡಗು ಹದಿನೇಳು' ಧಾರಾವಾಹಿಯನ್ನು ಇಂದಿನ ಪ್ರೇಕ್ಷಕರಿಗಾಗಿ ಹೊಸದಾಗಿ ತಯಾರಿಸಲಾಗುವುದು. ಹಳೆಯ ಐವತ್ತೆರಡು ಕಂತುಗಳಲ್ಲಿ ಒಂದೂ ಕೇಂದ್ರದಲ್ಲಿ ಸಿಗುತ್ತಿಲ್ಲ. ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.

ಕತ್ತರಿಯ ಸದ್ದು ನಿಂತಿತು. ಸರದಿಗೆ ಕಾಯುತ್ತಿದ್ದವರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಆ ಧಾರಾವಾಹಿಯನ್ನು ನೋಡದೆ ದೊಡ್ಡವರಾದವರು ಆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಗ್ರಹದಿಂದ ಗ್ರಹಕ್ಕೆ ಹಾರುವ ಹಡಗು ಅದು. ಅದರ ಚುಕ್ಕಾಣಿ ಒಂದು ಹಳೇ ಬಸ್ಸಿನ ಸ್ಟೀರಿಂಗು. ಅದರ ಯಂತ್ರಫಲಕ ಬೆಳ್ಳಿ ಬಣ್ಣ ಬಳಿದ ಮೊಟ್ಟೆ ಟ್ರೇ. ಅನ್ಯಗ್ರಹದ ಜೀವಿಗಳೆಂದರೆ ನೆಲ ಒರೆಸುವ ಕೋಲಿನ ಜುಟ್ಟುಗಳನ್ನು ತಲೆಗೆ ಕಟ್ಟಿಕೊಂಡ ಕೇಂದ್ರದ ಟೈಪಿಸ್ಟುಗಳು. ಅದನ್ನೇ ನೋಡಿ ಊರಿಗೆ ಊರೇ ಹೆದರಿ ಬಾಗಿಲು ಹಾಕಿಕೊಂಡಿತ್ತು.

"ಒಂದೂ ಉಳಿದಿಲ್ವಂತೆ ನೋಡಿ, ಎಂಥಾ ಅನ್ಯಾಯ!" ಅಂದ ಕ್ಷೌರಿಕ. ಆಮೇಲೆ ಕನ್ನಡಿಯಲ್ಲಿ ಇವರ ಮುಖ ನೋಡಿ, "ಅಲ್ಲಾ ಸಾರ್, ಆಗ ನೀವು ಅಲ್ಲೇ ಇದ್ರಲ್ವಾ?" ಅಂದ.

ಅಂಗಡಿಯ ಕಣ್ಣೆಲ್ಲ ಇವರ ಮೇಲೆ ಬಿತ್ತು. ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಮುಖದ ತುಂಬ ನೊರೆ ಇದ್ದಾಗ ಮನುಷ್ಯನಿಗೆ ಅದೇನೋ ಒಂದು ಧೈರ್ಯ ಬಂದುಬಿಡುತ್ತದೆ. "ಇದ್ರಾ ಅಂತ ಕೇಳ್ತೀಯಲ್ಲಪ್ಪ. ಐವತ್ತೆರಡೂ ನನ್ನ ಕೈಯಿಂದಲೇ ಹೋಗಿರೋದು. ಒಂದೂ ತಪ್ಪಿಲ್ಲ."

"ಹಾಗಾದ್ರೆ ಈಗ ಎಲ್ಲಿವೆ ಸಾರ್?"

ಟೀವಿಯವರು ಕಣ್ಣು ಮುಚ್ಚಿ, "ಎಲ್ಲಿ ಸೇರ್ಬೇಕೋ ಅಲ್ಲಿ ಸೇರಿವೆ" ಅಂದರು.

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಧಾರಾವಾಹಿ ಮುಗಿದ ಮೇಲೆ, ಟೇಪಿನ ಕೊರತೆಯಾದ ವರ್ಷ, ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು: ಹಳೆಯ ಕಾರ್ಯಕ್ರಮಗಳನ್ನು ಅಳಿಸಿ ಟೇಪನ್ನು ಮರುಬಳಕೆ ಮಾಡಿ. ಟೀವಿಯವರು ಹನ್ನೊಂದು ಕೆಲಸದ ದಿನಗಳಲ್ಲಿ ಐವತ್ತೆರಡು ಕಂತುಗಳನ್ನೂ ಅಯಸ್ಕಾಂತದ ಯಂತ್ರಕ್ಕೆ ಕೊಟ್ಟು ನುಣ್ಣಗೆ ಅಳಿಸಿದ್ದರು. ಆ ಟೇಪುಗಳ ಮೇಲೆ ಆಮೇಲೆ ಚರಂಡಿ ನಿರ್ವಹಣೆಯ ಸಂದರ್ಶನಗಳೂ ಒಂದು ತೂಕ ಎತ್ತುವ ಪಂದ್ಯವೂ ಮುದ್ರಣವಾದವು. ವೇಳೆಗೆ ಮೊದಲೇ ಕೆಲಸ ಮುಗಿಸಿದ್ದಕ್ಕೆ ಮೇಲಧಿಕಾರಿ ಇವರ ಬೆನ್ನು ತಟ್ಟಿದ್ದರು.

ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಸುದ್ದಿ ಹಬ್ಬಿತ್ತು: ಕಳೆದುಹೋದ ಐವತ್ತೆರಡು ಕಂತುಗಳೂ ನಮ್ಮ ಟೀವಿಯವರ ಅಟ್ಟದ ಮೇಲಿವೆ. ಅಟ್ಟದ ಮೇಲೆ ಒಂದು ಬೀಗ ಹಾಕಿದ ಟ್ರಂಕು ಇದ್ದದ್ದು ನಿಜ. ಅದರಲ್ಲಿ ಹೆಂಡತಿಯ ಹಳೇ ಪಾತ್ರೆಗಳಿದ್ದವು. ಎರಡನೇ ಮಹಡಿಯ ದರ್ಜಿ ಮೇಲೆ ಬಂದು ಕೈ ಮುಗಿದು ಟ್ರಂಕಿನ ಕೆಳಗೆ ನಿಂತು ಹೋದ. ಹೆಂಡತಿಯ ತಮ್ಮ ಅರ್ಧ ದಿನ ರಜೆ ಹಾಕಿ ಓಡಿ ಬಂದ. ಮದುವೆಯಾದಾಗಿನಿಂದ ಭಾವನನ್ನು ಕೈಲಾಗದವರೆಂದು ತಿಳಿದಿದ್ದ ಆಸಾಮಿ ಅವತ್ತು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದ.

"ಭಾವ, ನೀವು ಇಂಥವರು ಅಂತ ನಂಗೆ ಗೊತ್ತೇ ಇರ್ಲಿಲ್ಲ! ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೀರಲ್ಲ. ಇನ್ನು ಮೇಲೆ ಯಾರ ಹತ್ರಾನೂ ನೀವು ಮಾತಾಡ್ಬೇಡಿ. ಎಲ್ಲ ನಾನು ಮಾತಾಡ್ತೀನಿ."

"ಅಲ್ಲಪ್ಪ, ಅವನ್ನೆಲ್ಲ ನಾನು ಅಳಿಸಿಹಾಕಿಬಿಟ್ಟಿದ್ದೀನಿ."

ಭಾವಮೈದ ಮೆಚ್ಚುಗೆಯಿಂದ ತಲೆಯಾಡಿಸಿದ. "ಹಾಂ, ಹೀಗೇ. ಹೀಗೇ ಹೇಳ್ತಾ ಇರಿ. ಕಳ್ಳಕಾಕರ ಭಯ."

ಒಳಗಿನಿಂದ ಹೆಂಡತಿ ಒಬ್ಬಳೇ ನಂಬಿದಳು. "ಇವರು ನಿಜಾನೇ ಹೇಳ್ತಿದ್ದಾರೆ ಕಣೋ. ಅಂಗಿ ಜೇಬಲ್ಲಿರೋ ಚೀಟೀನೇ ಉಳಿಸಿಕೊಳ್ಳಕ್ಕೆ ಆಗಲ್ಲ ಇವರ ಕೈಲಿ. ಐವತ್ತೆರಡು ಟೇಪು ಉಳಿಸ್ತಾರಾ?" ಅಂದಳು. ಅಕ್ಕನ ಮಾತನ್ನು ತಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

ಸೋಮವಾರ ಕೇಂದ್ರದವರೇ ಮನೆಗೆ ಬಂದರು. ಬಂದವಳು ಹೊಸ ಧಾರಾವಾಹಿಯ ವಿಭಾಗದ ಮುಖ್ಯಸ್ಥೆ, ಮೂವತ್ತರ ಆಸುಪಾಸಿನ ಚುರುಕು ಹೆಂಗಸು. ಅವಳ ಕಂಕುಳಲ್ಲಿ ಇವರ ಕಾಲದ ದಪ್ಪ ರಿಜಿಸ್ಟರು ಇತ್ತು. ಕೈಯಲ್ಲಿ ಎರಡು ಲಕೋಟೆಗಳಿದ್ದವು. ಟೀವಿಯವರಿಗೆ ತಮ್ಮ ಅಕ್ಷರ ನೋಡಿ ಹೋದ ಜೀವ ಬಂದ ಹಾಗಾಯಿತು. ಅವರು ರಿಜಿಸ್ಟರನ್ನು ಎಳೆದುಕೊಂಡು, "ನೋಡಮ್ಮ, ಇದರಲ್ಲೇ ಇದೆ. ಅಳಿಸಿದ್ದು ನಾನೇ. ನಾನೇ ಬರೆದಿದ್ದೀನಿ" ಅಂದರು.

"ಅದನ್ನೇ ಕೇಳಕ್ಕೆ ಬಂದೆ ಸಾರ್. ಇದರಲ್ಲಿ ಮೂರು ಕಾಲಂ ಇದೆ. ಕಪಾಟಿನಲ್ಲಿದೆ, ಪ್ರಸಾರಕ್ಕೆ ಹೋಗಿದೆ, ಯಾರ ವಶದಲ್ಲಿದೆ. ಅಳಿಸಿದೆ ಅನ್ನೋ ಕಾಲಂ ಎಲ್ಲಿ?"

ಅಂಥ ಕಾಲಂ ಇರಲಿಲ್ಲ. ಅಚ್ಚು ಹಾಕಿಸಿದವರಿಗೆ ಟೇಪು ಅಳಿಯಬಹುದೆಂಬ ಕಲ್ಪನೆ ಬಂದಿರಲಿಲ್ಲ. ಹೊಸ ರಿಜಿಸ್ಟರು ಬೇಕೆಂದು ಟೀವಿಯವರು ಆಗ ಅರ್ಜಿ ಕೊಟ್ಟಿದ್ದರು. ಅದು ಬರುವ ತನಕ ಕಾಯಲು ಆಗದೆ, ಕಾಲಂ ಖಾಲಿ ಬಿಡುವುದು ಶಿಸ್ತಲ್ಲವೆಂದು, ಐವತ್ತೆರಡು ಸಾಲುಗಳಲ್ಲೂ ಮೂರನೇ ಕಾಲಂನಲ್ಲಿ ದುಂಡಗೆ ತಮ್ಮ ಹೆಸರು ಬರೆದು ಸಹಿ ಹಾಕಿದ್ದರು. ಕಾಗದದ ಪ್ರಕಾರ ಐವತ್ತೆರಡು ಟೇಪುಗಳೂ ನಲವತ್ತು ವರ್ಷಗಳಿಂದ ಇವರ ವಶದಲ್ಲಿದ್ದವು.

"ಸುತ್ತೋಲೆ ಇತ್ತಮ್ಮ. ಮೇಲಿನವರ ಸುತ್ತೋಲೆ."

"ಹುಡುಕಿಸಿದೆ ಸಾರ್. ಹಳೇ ಫೈಲುಗಳನ್ನ ನಾಶ ಮಾಡಿ ಅಂತ ಆಮೇಲೆ ಇನ್ನೊಂದು ಸುತ್ತೋಲೆ ಬಂದಿದೆ. ಅದರಲ್ಲಿ ಅದೂ ಹೋಗಿದೆ." ಅವಳು ಎರಡು ಲಕೋಟೆಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. "ನಾನು ನೇರವಾಗಿ ಹೇಳಿಬಿಡ್ತೀನಿ. ಇದು ಸನ್ಮಾನದ ಆಮಂತ್ರಣ, ಪರಂಪರೆಯ ರಕ್ಷಕರು ಅಂತ. ಇದು ವಕೀಲರ ನೋಟೀಸು, ಸಂಸ್ಥೆಯ ಸ್ವತ್ತನ್ನ ಲಪಟಾಯಿಸಿದವರು ಅಂತ. ಟೇಪು ಕೊಟ್ಟರೆ ಇದು, ಕೊಡದಿದ್ದರೆ ಅದು. ಎರಡಕ್ಕೂ ನಿಮ್ಮ ಹೆಸರೇ ಟೈಪ್ ಮಾಡಿಸಿದ್ದೀನಿ."

"ಆಮಂತ್ರಣ ಕೊಡಿ ಮೇಡಂ. ಟೇಪು ಸನ್ಮಾನ ಆದ ಮೇಲೆ ಕೊಡ್ತೀವಿ" ಅಂದ ಭಾವಮೈದ, ಲಕೋಟೆಯನ್ನು ಆಗಲೇ ಕಿತ್ತುಕೊಂಡು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಮುದುಕರ ಮೇಲೆ ಕೇಸು ಹಾಕಿದರೆ ಅದು ಮುಗಿಯುವುದರೊಳಗೆ ಮುದುಕರು ಮುಗಿದಿರುತ್ತಾರೆ, ಇದು ಎಲ್ಲ ಕಡೆಯೂ ನಡೆಯುವ ವ್ಯವಸ್ಥೆ. ಆದರೆ ಮಾರನೇ ದಿನ ಔಷಧಿ ಅಂಗಡಿಯವರು ಒಬ್ಬ ವೃದ್ಧರ ತೋಳು ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದರು. ಅವರ ಹಿಂದೆ ಅರ್ಧ ಬೀದಿ ಬಂತು. ಮೂರು ಮಹಡಿ ಹತ್ತಲು ಆ ವೃದ್ಧರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಬಾಗಿಲಲ್ಲಿ ನಿಂತಾಗ ತುಟಿ ನೀಲಿಯಾಗಿತ್ತು. ಆ ಎತ್ತರ, ಆ ಮೂಗು ನೋಡಿ ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಬಂದವರು ಹಡಗು ಹದಿನೇಳರ ಕ್ಯಾಪ್ಟನ್ ಆಗಿ ನಟಿಸಿದವರು.

ಕ್ಯಾಪ್ಟನ್ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಉಸಿರು ಸುಧಾರಿಸಿಕೊಂಡರು. "ನಿಮ್ಮನ್ನ ನಾನು ನೋಡೇ ಇಲ್ಲ ನೋಡಿ" ಅಂದರು ಆಮೇಲೆ. "ನೀವು ಕೆಳಗಡೆ ಇದ್ರಿ. ನಾವೆಲ್ಲ ಮೇಲ್ಗಡೆ ಕುಣೀತಿದ್ವಿ. ಉಳಿಸಿದವರು ನೀವು. ನಂಗೆ ಬೇರೆ ಯಾವ ಕಂತೂ ಬೇಡ. ಹನ್ನೊಂದನೇದು ಒಂದನ್ನ ತೋರಿಸಿ."

"ಹನ್ನೊಂದನೇದರಲ್ಲಿ ಏನಿದೆ ಸಾರ್?" ಅಂದ ಭಾವಮೈದ.

"ನನ್ನ ಮಗಳಿದ್ದಾಳೆ."

ಆ ಕಂತಿನಲ್ಲಿ ಒಂದು ಗ್ರಹದಲ್ಲಿ ಒಂಟಿಯಾಗಿ ಉಳಿದ ಹುಡುಗಿಯ ಪಾತ್ರವಿತ್ತಂತೆ. ಬರಬೇಕಿದ್ದ ಮಗು ಕಾಯಿಲೆ ಬಿದ್ದಿದ್ದರಿಂದ ಕ್ಯಾಪ್ಟನ್ ತಮ್ಮ ಒಂಬತ್ತು ವರ್ಷದ ಮಗಳನ್ನೇ ಕರೆದುಕೊಂಡು ಹೋಗಿ ನಿಲ್ಲಿಸಿದರಂತೆ. ಅದಾಗಿ ನಾಲ್ಕು ತಿಂಗಳಿಗೆ ಜ್ವರ ಬಂತು, ಐದು ದಿನದಲ್ಲಿ ಮಗು ಹೋಯಿತು. ಮನೆಯಲ್ಲಿ ಎರಡು ಫೋಟೋ ಇವೆ. ಅವು ಮಾತಾಡುವುದಿಲ್ಲ.

"ಅವಳ ಮುಖ ನೆನಪಿದೆ. ದನಿ ಮರೆತುಹೋಯ್ತು" ಅಂದರು ಕ್ಯಾಪ್ಟನ್. "ಯಾವಾಗ ಹೋಯ್ತೋ ಗೊತ್ತಿಲ್ಲ. ಒಂದು ದಿನ ಕೂತು ನೆನಸ್ಕೊಳ್ಳಕ್ಕೆ ನೋಡ್ತೀನಿ, ಇಲ್ಲ. ಡಾಕ್ಟ್ರು ಇನ್ನು ಆರು ತಿಂಗಳು ಅಂತಾರೆ. ಅಷ್ಟರಲ್ಲಿ ಒಂದ್ಸಲ ಕೇಳ್ಬೇಕು."

ಟೀವಿಯವರು "ಸಾರ್..." ಅಂದರು. ಅಷ್ಟರಲ್ಲಿ ಭಾವಮೈದ ಮುಂದೆ ಬಂದು, "ಸನ್ಮಾನದ ದಿನ ಎಲ್ಲ ಹೇಳ್ತಾರೆ ಸಾರ್, ಈಗ ನೀವು ಆಯಾಸ ಮಾಡ್ಕೋಬೇಡಿ" ಅಂದ. ದರ್ಜಿ ಕಣ್ಣೊರೆಸಿಕೊಂಡ. ಔಷಧಿ ಅಂಗಡಿಯವರು ಒಂದು ಮಾತ್ರೆ ಕೊಟ್ಟರು. ಕ್ಯಾಪ್ಟನ್ ಇವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡು ಹೋದರು. ಅವರು ಮೆಟ್ಟಿಲಿಳಿಯುವ ಸದ್ದು ಇಪ್ಪತ್ತು ನಿಮಿಷ ಕೇಳಿಸುತ್ತಿತ್ತು.

"ಹೇಳಿಬಿಡಿ ರೀ" ಅಂದಳು ಹೆಂಡತಿ. "ಬೇರೆಯವರಿಗೆ ಹೇಳದಿದ್ರೂ ಪರವಾಗಿಲ್ಲ. ಅವರಿಗೆ ಹೇಳಿಬಿಡಿ."

ಟೀವಿಯವರು ಹೇಳಲು ಹೊರಟರು. ಆದರೆ ಸತ್ಯ ಹೇಳುವುದಕ್ಕೂ ಒಂದು ಅಭ್ಯಾಸ ಬೇಕು, ಕೇಳುವವರಿಗೂ ಬೇಕು. ಕ್ಷೌರದಂಗಡಿಯಲ್ಲಿ "ಅಳಿಸಿದೆ" ಅಂದರು, ಕ್ಷೌರಿಕ ಅರ್ಥವಾಯಿತೆಂದು ಕಣ್ಣು ಹೊಡೆದು ಉಳಿದವರ ಮುಂದೆ ಬೇರೆ ಮಾತು ತೆಗೆದ. ದರ್ಜಿಗೆ ಹೇಳಿದರು, ಅವನು ಸನ್ಮಾನಕ್ಕೆಂದು ಹೊಲಿಯುತ್ತಿದ್ದ ಕೋಟಿನ ಒಳಗೆ ಒಂದು ಗುಪ್ತ ಜೇಬು ಇಟ್ಟುಕೊಟ್ಟ, ಟ್ರಂಕಿನ ಕೀಲಿಗೆ. ಕ್ಯಾಪ್ಟನ್ ಮನೆಗೆ ಎರಡು ಸಲ ಹೋದರು. ಎರಡು ಸಲವೂ ಬಾಗಿಲು ತೆಗೆದ ನರ್ಸು, ಮಲಗಿದ್ದಾರೆ, ಸನ್ಮಾನದ ದಿನಕ್ಕೆ ಶಕ್ತಿ ಕೂಡಿಸುತ್ತಿದ್ದಾರೆ ಅಂದಳು.

ಸನ್ಮಾನ ಕೇಂದ್ರದ ಸಭಾಂಗಣದಲ್ಲಿ ನಡೆಯಿತು. ಇನ್ನೂರು ಜನ ಬಂದಿದ್ದರು. ವೇದಿಕೆಯ ಹಿಂದೆ ಹೊಸ ಹಡಗಿನ ದೊಡ್ಡ ಚಿತ್ರ ತೂಗಿಬಿಟ್ಟಿದ್ದರು. ಭಾವಮೈದ ತಾನೇ ಬರೆದ ಪರಿಚಯ ಭಾಷಣದಲ್ಲಿ ಭಾವನನ್ನು ಮೂರು ಬೆಂಕಿ ಅನಾಹುತಗಳಿಂದಲೂ ಒಂದು ಪ್ರವಾಹದಿಂದಲೂ ಟೇಪು ಎದೆಗವಚಿಕೊಂಡು ಈಚೆ ತಂದವರನ್ನಾಗಿ ಮಾಡಿದ. ಆಮೇಲೆ ಮೈಕು ಇವರ ಕೈಗೆ ಬಂತು.

"ಅಳಿಸಿದ್ದು ನಾನೇ" ಅಂದರು ಟೀವಿಯವರು. "ಯಾವ ಕಂತೂ ನನ್ನ ಹತ್ರ ಇಲ್ಲ. ಯಂತ್ರಕ್ಕೆ ಕೊಟ್ಟು ಎಲ್ಲವನ್ನೂ ಅಳಿಸಿದೆ. ಐವತ್ತೆರಡೂ ಹೋಯ್ತು. ಕ್ಷಮಿಸಬೇಕು."

ಔಷಧಿ ಅಂಗಡಿಯವರು ಎದ್ದು ನಿಂತು, "ನೋಡಿ, ಇದಪ್ಪಾ ವಿನಯ ಅಂದ್ರೆ!" ಅಂತ ಚಪ್ಪಾಳೆ ತಟ್ಟಿದರು. ಸಭೆಗೆ ಸಭೆಯೇ ಎದ್ದಿತು. ಕೇಂದ್ರದ ಮೂವರು ಮಾಜಿ ನಿರ್ದೇಶಕರೂ ಎದ್ದರು. ಸುತ್ತೋಲೆಗೆ ಸಹಿ ಹಾಕಿದ್ದವರು ಅವರಲ್ಲೊಬ್ಬರು. ಟೀವಿಯವರು ಮೈಕಿನಲ್ಲಿ "ನಿಜವಾಗ್ಲೂ, ನಿಜವಾಗ್ಲೂ" ಅಂದಷ್ಟೂ ಚಪ್ಪಾಳೆ ಜೋರಾಯಿತು. ಮೊದಲ ಸಾಲಿನಲ್ಲಿ ಕ್ಯಾಪ್ಟನ್ ಒಬ್ಬರು ಕೂತೇ ಇದ್ದರು. ಅವರ ಕೈಗಳು ಮಡಿಲಲ್ಲಿದ್ದವು.

ಜನ ತಿಂಡಿಯ ಕಡೆ ನುಗ್ಗಿದ ಮೇಲೆ ಟೀವಿಯವರು ಹೂಗುಚ್ಛ ಹಿಡಿದುಕೊಂಡೇ ಅವರ ಮುಂದೆ ಬಂದು ನಿಂತರು.

"ನೀವು ಹೇಳಿದ್ದು ನಿಜ" ಅಂದರು ಕ್ಯಾಪ್ಟನ್. ಅದು ಪ್ರಶ್ನೆಯಾಗಿರಲಿಲ್ಲ.

"ನಿಜ ಸಾರ್."

"ಹನ್ನೊಂದನೇದೂ?"

"ಅದೂ ಸಾರ್."

ಕ್ಯಾಪ್ಟನ್ ತಲೆ ತಗ್ಗಿಸಿದರು. ಹೊಡೆದಿದ್ದರೆ ಟೀವಿಯವರಿಗೆ ಸಮಾಧಾನವಾಗುತ್ತಿತ್ತು. ಆಮೇಲೆ ಆ ಮುದುಕರು ತಲೆಯೆತ್ತಿ, "ಅಳಿಸೋಕೆ ಮುಂಚೆ ನೋಡಿದ್ರಾ?" ಅಂತ ಕೇಳಿದರು.

ನೋಡಲೇಬೇಕೆಂದು ನಿಯಮವಿತ್ತು. ಅಳಿಸುವ ಮುನ್ನ ಟೇಪನ್ನು ಪೂರ್ತಿ ಓಡಿಸಿ ನೋಡಿ, ನಂಬರು ತಾಳೆ ಮಾಡಿ, ರಿಜಿಸ್ಟರಿನಲ್ಲಿ ಸಹಿಯ ಪಕ್ಕ 'ಪೂರ್ಣ ವೀಕ್ಷಿಸಿದ್ದೇನೆ' ಎಂದು ಬರೆಯಬೇಕಿತ್ತು. ಐವತ್ತೆರಡು ಸಲ ಬರೆದಿದ್ದರು. "ನೋಡಿದೆ ಸಾರ್" ಅಂದರು.

ಕ್ಯಾಪ್ಟನ್ ಟೀವಿಯವರ ತೋಳು ಹಿಡಿದುಕೊಂಡರು. "ಹಾಗಾದ್ರೆ ನನ್ನ ಮಗಳನ್ನ ಕೊನೇ ಸಲ ನೋಡಿದವರು ನೀವೇ. ಹಡಗು ಹೊರಡುತ್ತೆ, ಅವಳು ಅಲ್ಲೇ ಉಳೀಬೇಕು. ಒಂದು ಮಾತು ಹೇಳ್ಬೇಕಿತ್ತು ಅವಳು. ಮರೆತುಬಿಟ್ಳು. ಮರೆತು ನನ್ನ ಮುಖ ನೋಡಿ ನಕ್ಕಳು. ಸೆಟ್ಟಲ್ಲಿದ್ದವರೆಲ್ಲ ಬೈಕೊಂಡ್ರು. ಇನ್ನೊಂದ್ಸಲ ತೆಗೆಯಕ್ಕೆ ಟೇಪಿರ್ಲಿಲ್ಲ, ಹಾಗೇ ಬಿಟ್ವಿ ಅಂದ್ರು. ಪ್ರಸಾರದ ದಿನ ನಾನು ನೋಡ್ಲಿಲ್ಲ. ಬಿಟ್ಟಿದ್ರಾ? ಆ ನಗು ಅದರಲ್ಲಿತ್ತಾ?"

"ಇತ್ತು ಸಾರ್" ಅಂದರು ಟೀವಿಯವರು. ಇತ್ತೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ಟೇಪಿನ ವಿಷಯದಲ್ಲಿ ಅವತ್ತಿನವರೆಗೆ ಅವರು ಹೇಳಿದ ಮಾತುಗಳಲ್ಲಿ ನೇರವಾದ ಸುಳ್ಳು ಇದೊಂದೇ, ನಂಬಿಕೆ ಹುಟ್ಟಿಸಿದ್ದೂ ಇದೊಂದೇ.

ಹಿಂದೆ ನಿಂತು ಮುಖ್ಯಸ್ಥೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಕಣ್ಣು ಅರಳಿತು. "ಪೂರ್ಣ ವೀಕ್ಷಿಸಿದ್ದೇನೆ ಅಂತ ಸಹಿ ಇದೆ ಸಾರ್! ಅಂದ್ರೆ ಐವತ್ತೆರಡು ಕಂತನ್ನೂ ನೋಡಿದ್ದೀನಿ ಅಂತ ಸಹಿ ಹಾಕಿರೋ ಮನುಷ್ಯ ನೀವೊಬ್ರೇ. ಟೇಪು ಇಲ್ದಿದ್ರೂ ಕಥೆ ನಿಮ್ಮ ವಶದಲ್ಲಿದೆ. ವಕೀಲರನ್ನ ನಾನು ಒಪ್ಪಿಸ್ತೀನಿ. ನಾಳೆಯಿಂದ ಬಂದು ಹೇಳ್ತಾ ಹೋಗಿ, ನಾವು ಬರ್ಕೋತೀವಿ."

"ನಂಗೆ ಅಷ್ಟೆಲ್ಲ ನೆನಪಿಲ್ಲಮ್ಮ."

"ಇನ್ನೊಂದು ಲಕೋಟೆ ನನ್ನ ಬ್ಯಾಗಲ್ಲೇ ಇದೆ ಸಾರ್."

ಟೀವಿಯವರು ಇನ್ನೂ ಅನುಮಾನಿಸುತ್ತಿದ್ದರು. ಕ್ಯಾಪ್ಟನ್ ಅಂದರು, "ಹೇಳಿ. ಹನ್ನೊಂದನೇದು ಬರೋ ತನಕ ನಾನು ಇರ್ತೀನಿ."

ಹೀಗೆ ಮೂವತ್ತೊಂದು ವರ್ಷ ನೆಲಮಾಳಿಗೆಯಲ್ಲಿದ್ದವರು ನಿವೃತ್ತಿಯಾದ ಮೇಲೆ ಐದನೇ ಮಹಡಿಗೆ ಏರಿದರು. ಗಾಜಿನ ಕೋಣೆ, ತಣ್ಣನೆ ಗಾಳಿ, ಮೇಜಿನ ಸುತ್ತ ಲ್ಯಾಪ್‌ಟಾಪು ತೆರೆದ ಮೂವರು ಬರಹಗಾರರು. ಟೀವಿಯವರು ನೆನಪಿದ್ದಷ್ಟು ಹೇಳಿದರು. ಅದು ಎರಡನೇ ದಿನದ ಊಟದ ಹೊತ್ತಿಗೆ ಮುಗಿಯಿತು. ಆಮೇಲೆ ಬೀದಿಯ ಸರಕು ಶುರುವಾಯಿತು. ಔಷಧಿ ಅಂಗಡಿಯವರಿಗೂ ದರ್ಜಿಗೂ ನೀರಿನ ತೊಟ್ಟಿಯ ವಿಷಯದಲ್ಲಿ ನಡೆದ ಜಗಳ ಎರಡು ಗ್ರಹಗಳ ಯುದ್ಧವಾಗಿ ನಾಲ್ಕು ಕಂತು ಬಂತು. ಬಂದಲ್ಲೆಲ್ಲ ಎಲ್ಲವನ್ನೂ ವಶಪಡಿಸಿಕೊಂಡು ಮಾತಾಡುತ್ತಲೇ ಇರುವ ಒಂದು ಜೀವಿ ಭಾವಮೈದನಿಂದ ಹುಟ್ಟಿತು.

ಬರಹಗಾರರು ಅದನ್ನೆಲ್ಲ ಇಂದಿನ ಪ್ರೇಕ್ಷಕರಿಗೆ ಹದ ಮಾಡಿದರು. ಬಸ್ಸಿನ ಸ್ಟೀರಿಂಗು ಹೋಯಿತು, ಹಡಗು ತಾನೇ ಯೋಚಿಸತೊಡಗಿತು, ಯೋಚಿಸಿ ಅದಕ್ಕೆ ಖಿನ್ನತೆ ಬಂತು. ಕ್ಯಾಪ್ಟನ್ನಿಗೆ ಇಪ್ಪತ್ತೆಂಟು ವಯಸ್ಸಾಯಿತು. ಖಳರಿಗೆಲ್ಲ ಕಷ್ಟದ ಬಾಲ್ಯ ಸಿಕ್ಕಿತು. "ಮೂಲಕ್ಕೆ ಒಂದಿಷ್ಟೂ ಧಕ್ಕೆ ಆಗ್ಬಾರ್ದು" ಅಂತ ಮುಖ್ಯಸ್ಥೆ ದಿನಕ್ಕೆರಡು ಸಲ ಬಂದು ಹೇಳಿ ಹೋಗುತ್ತಿದ್ದಳು.

ಹನ್ನೊಂದನೇ ಕಂತಿನ ದಿನ ಟೀವಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಆ ಕಂತಿಗೆ ಮಾತ್ರ ಸುಳ್ಳು ಸೇರಿಸುವುದಿಲ್ಲವೆಂದು ಹೆಂಡತಿಗೆ ಹೇಳಿ ಹೊರಟಿದ್ದರು. ಅದರ ಬಗ್ಗೆ ಅವರಿಗೆ ಗೊತ್ತಿದ್ದ ಸಂಗತಿ ಕ್ಯಾಪ್ಟನ್ ಹೇಳಿದ್ದೊಂದೇ, ಅದನ್ನೇ ಹೇಳಿದರು. "ಹಡಗು ಹೊರಡುತ್ತೆ. ಹುಡುಗಿ ಕ್ಯಾಪ್ಟನ್ ಮುಖ ನೋಡಿ ನಗ್ತಾಳೆ. ಅಷ್ಟೇ."

"ಯಾಕೆ ನಗ್ತಾಳೆ ಸಾರ್?" ಅಂದ ಕನ್ನಡಕದ ಬರಹಗಾರ.

"ಮಾತು ಮರೆತುಹೋಗುತ್ತೆ ಅವಳಿಗೆ."

"ಅದು ಶೂಟಿಂಗ್‌ನಲ್ಲಿ ಆಗಿರೋ ತಪ್ಪು ಸಾರ್. ಕಥೆ ಅಲ್ಲ. ಇಡೀ ಗ್ರಹದಲ್ಲಿ ಒಬ್ಬಳೇ ಉಳೀತಿರೋ ಮಗು ಕಿಸಕ್ ಅಂತ ನಕ್ಕರೆ ಈಗಿನವರು ಚಾನಲ್ ಬದಲಾಯಿಸ್ತಾರೆ. ಅವಳು ಹೇಳ್ಬೇಕಾಗಿದ್ದ ಮಾತು ಯಾವುದು?"

"ಗೊತ್ತಿಲ್ಲಪ್ಪ. ನಗೂನೇ ಇಡಿ. ಅದು ಮುಖ್ಯ. ಅದನ್ನ ತೆಗೀಬೇಡಿ."

ಮೂವರೂ ಮುಖ ಮುಖ ನೋಡಿಕೊಂಡರು. ಮುಖ್ಯಸ್ಥೆಯನ್ನು ಕರೆಸಿದರು. ಅವಳು ಬಂದು, ನಗು ಬೇಡ, ಮಾತು ಬೇಕು, ಮಾತು ಸಿಗದಿದ್ದರೆ ಹನ್ನೊಂದನೇ ಕಂತನ್ನೇ ಕೈಬಿಡೋಣ, ಹೇಗೂ ಐವತ್ತೊಂದು ಇವೆಯಲ್ಲ ಅಂದಳು. ಕ್ಯಾಪ್ಟನ್ ಆ ವಾರ ಹಾಸಿಗೆ ಬಿಟ್ಟೆದ್ದಿರಲಿಲ್ಲ. ಟೀವಿಯವರಿಗೆ ಬೆಳಿಗ್ಗೆ ಹೊರಡುವಾಗ ಮೆಟ್ಟಿಲ ದೀಪದ ಬಗ್ಗೆ ಹೆಂಡತಿ ಗೊಣಗಿದ್ದು ಬಾಯಿಗೆ ಬಂತು, ಅದನ್ನೇ ಅಂದುಬಿಟ್ಟರು:

"ದೀಪ ಆರಿಸ್ಬೇಡಿ ಕ್ಯಾಪ್ಟನ್. ಕತ್ತಲಾದ್ರೆ ಬರ್ತಿರೋದು ನೀವೇ ಅಂತ ನಂಗೆ ಹೇಗೆ ಗೊತ್ತಾಗುತ್ತೆ?"

ಕನ್ನಡಕದವನು ಟೈಪು ಮಾಡುವುದನ್ನು ನಿಲ್ಲಿಸಿ ಕನ್ನಡಕ ತೆಗೆದು ಒರೆಸಿಕೊಂಡ. ಮುಖ್ಯಸ್ಥೆ, "ಇದನ್ನ ಇಷ್ಟು ದಿನ ಎಲ್ಲಿಟ್ಟಿದ್ರಿ ಸಾರ್?" ಅಂದಳು.

ಕ್ಯಾಪ್ಟನ್ ಮಾತಿಗೆ ತಪ್ಪಲಿಲ್ಲ. ಹನ್ನೊಂದನೇ ಕಂತು ಬರುವ ಭಾನುವಾರ ಸಂಜೆಯವರೆಗೂ ಇದ್ದರು. ನರ್ಸು ಮಂಚವನ್ನು ಟೀವಿಯ ಮುಂದೆ ಎಳೆದು ಬೆನ್ನಿಗೆ ಮೂರು ದಿಂಬು ಕೊಟ್ಟಿದ್ದಳು. ಕರೆದವರು ಟೀವಿಯವರನ್ನೂ ಅವರ ಹೆಂಡತಿಯನ್ನೂ ಮಾತ್ರ. ಬಂದವರು ಭಾವಮೈದ, ದರ್ಜಿ, ಕ್ಷೌರಿಕ, ಔಷಧಿ ಅಂಗಡಿಯವರು, ಅವರವರ ಮನೆಯವರು. ಸಾವು ಹತ್ತಿರವಿದ್ದ ಕೋಣೆಯಲ್ಲಿ ಅಷ್ಟು ಜನ ಒಬ್ಬರ ಕಾಲನ್ನೊಬ್ಬರು ತುಳಿಯುತ್ತಾ, ತಮ್ಮ ಜಗಳವೇ ಯುದ್ಧವಾಗಿ ಬಂದದ್ದನ್ನು ಗುರುತಿಸದೆ ಆನಂದವಾಗಿ ನೋಡುತ್ತಿದ್ದರು.

ಕೊನೆಯ ದೃಶ್ಯ ಬಂತು. ಹೊಸ ಹುಡುಗಿ ಚೆನ್ನಾಗಿದ್ದಳು, ತರಬೇತಾದ ಮಗು. ತೆರೆಯ ತುಂಬ ಅದರ ಮುಖ. ಕಣ್ಣಂಚಿನಲ್ಲಿ ನೀರು ನಿಂತಿತ್ತು, ಬೀಳಲಿಲ್ಲ. "ದೀಪ ಆರಿಸ್ಬೇಡಿ ಕ್ಯಾಪ್ಟನ್" ಅಂದಿತು. ಕೋಣೆಯಲ್ಲಿ ಎಲ್ಲರೂ ಮೂಗು ಸೀಟಿದರು.

ಕ್ಯಾಪ್ಟನ್ ಇವರ ಕೈ ಹಿಡಿದುಕೊಂಡಿದ್ದರು. "ಇದೇ" ಅಂದರು. "ಇದೇ ಮಾತು. ಇದೇ ದನಿ. ಈಗ ನೆನಪಾಯ್ತು ನೋಡಿ."

ಟೀವಿಯವರು ಬಗ್ಗಿ, "ಸಾರ್, ಅವತ್ತು ಮಗು ನಕ್ಕಿದ್ದು. ಮಾತಾಡ್ಲಿಲ್ಲ" ಅಂದರು ಮೆಲ್ಲಗೆ.

"ಏನು?"

"ನಕ್ಕಳು ಸಾರ್. ನೀವೇ ಹೇಳಿದ್ರಿ. ಮಾತು ಮರೆತು ನಿಮ್ಮ ಮುಖ ನೋಡಿ ನಕ್ಕಳು. ಈ ಮಾತು ನಂದು ಸಾರ್. ನಾನು ಕಟ್ಟಿ ಹೇಳಿದ್ದು."

"ಭಾವ, ಬಾಯಿ ಮುಚ್ಕೊಳ್ಳಿ!" ಅಂದ ಭಾವಮೈದ. ಔಷಧಿ ಅಂಗಡಿಯವರು, ಇಂಥ ಹೊತ್ತಲ್ಲೂ ವಿನಯ ತೋರಿಸೋದು ಸರಿಯಲ್ಲ ಅಂದರು. ಟೀವಿಯವರು ಯಾರ ಕಡೆಗೂ ತಿರುಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ದನಿ ಏರಿಸಿ, "ನಕ್ಕಳು ಸಾರ್! ನೆನಪು ಮಾಡ್ಕೊಳ್ಳಿ, ನಕ್ಕಳು!" ಅಂದರು.

ಕ್ಯಾಪ್ಟನ್ ಟೀವಿಯವರನ್ನು ಮಗುವನ್ನು ನೋಡುವ ಹಾಗೆ ನೋಡಿದರು. "ನಕ್ಕಳಾ? ಯಾಕೆ ನಗ್ತಾಳೆ ಹೇಳಿ, ಅಂಥಾ ಹೊತ್ತಲ್ಲಿ. ಎಷ್ಟು ಚೆನ್ನಾಗಿ ಮಾತಾಡಿದಳು, ನೀವೇ ಕೇಳಿದ್ರಲ್ಲ." ಆಮೇಲೆ ನರ್ಸಿನ ಕಡೆ ತಿರುಗಿ, "ಇನ್ನೊಂದ್ಸಲ ಹಾಕಮ್ಮ" ಅಂದರು.

ನರ್ಸು ರೆಕಾರ್ಡ್ ಮಾಡಿಟ್ಟಿದ್ದನ್ನು ಹಾಕಿದಳು. ಅವರು ಕೇಳುತ್ತಲೇ ಇದ್ದರು, ಅವಳು ಹಾಕುತ್ತಲೇ ಇದ್ದಳು. ಬೀದಿಯವರು ಒಬ್ಬೊಬ್ಬರಾಗಿ ಎದ್ದು, ಟೀವಿಯವರ ಬೆನ್ನು ತಟ್ಟಿ ಹೋದರು. ಆರನೇ ಸಲಕ್ಕೆ ಕ್ಯಾಪ್ಟನ್ ಮುಖದಲ್ಲಿ ಅಳು ನಿಂತು ನೆಮ್ಮದಿ ಬಂದಿತ್ತು. ಎರಡು ದಿನವಾದ ಮೇಲೆ ಆ ನೆಮ್ಮದಿಯಲ್ಲೇ ಹೋದರು.

ಸುಟ್ಟು ಬಂದ ಸಂಜೆ ಟೀವಿಯವರು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದರು. ಹೆಂಡತಿ ಮುಂದೆ ಕಾಫಿ ಇಟ್ಟು, "ಹೋಗ್ಲಿ ಬಿಡಿ. ಆ ನಗು ನಿಮಗಾದ್ರೂ ನೆನಪಿದೆಯಲ್ಲ. ಹೇಗಿತ್ತು ಹೇಳಿ" ಅಂದಳು.

"ಗೊತ್ತಿಲ್ಲ ಕಣೇ" ಅಂದರು ಟೀವಿಯವರು. "ಮುಖವೂ ನೆನಪಿಲ್ಲ. ಟೇಪು ಓಡಿಸೋವಾಗ ದನಿ ಪೂರ್ತಿ ತಗ್ಗಿಸಿಟ್ಟಿದ್ದೆ. ನೋಡ್ಬೇಕು ಅಂತಿತ್ತು ನಿಯಮ. ಕೇಳ್ಬೇಕು ಅಂತ ಇರ್ಲಿಲ್ಲ."